ತೊಗರಿ ಹುಳ ಬಿಟ್ಟು ಹೆಣದ ಹುಳ

ಸತ್ತ ಮೇಲಿನ ದೇಹಕ್ಕೆ ಕನ್ನಡದಲ್ಲಿ ಎಷ್ಟು ಹೆಸರುಗಳಿವೆ ಎಂದು ನಾನು ಲೆಕ್ಕ ಹಾಕಿದ್ದು ಪಿಎಚ್‌ಡಿ ಅರ್ಜಿ ತುಂಬುವಾಗ. ಗಣ್ಯರು ತೀರಿಕೊಂಡರೆ ಪತ್ರಿಕೆಗಳಲ್ಲಿ ಅದು ಪಾರ್ಥಿವ ಶರೀರ. ಹೆದ್ದಾರಿ ಪಕ್ಕದ ಮುಳ್ಳುಕಂಟಿಯಲ್ಲಿ ಸಿಕ್ಕರೆ ಅಪರಿಚಿತ ಶವ. ಕೋರ್ಟಿನ ಕಾಗದದಲ್ಲಿ ಮೃತದೇಹ, ಹಳೆಯ ಬರವಣಿಗೆಯಲ್ಲಿ ಕಳೇಬರ. ನಮ್ಮೂರಲ್ಲಿ ಗೌಡರೇ ಹೋಗಲಿ, ಕೂಲಿಯವರೇ ಹೋಗಲಿ, ಹೆಣ. ಆಸ್ಪತ್ರೆಯಲ್ಲಿ ಮಾತ್ರ ಇವ್ಯಾವೂ ಕಿವಿಗೆ ಬೀಳುವುದಿಲ್ಲ. ಅಲ್ಲಿ ಡಾಕ್ಟರಿಂದ ಹಿಡಿದು ಹೊರಗೆ ನಿಂತ ಆಟೋದವರ ತನಕ ಎಲ್ಲರಿಗೂ ಅದು ‘ಬಾಡಿ’. ‘ಬಾಡಿ ಬಂತಾ?’, ‘ಬಾಡಿ ಯಾವಾಗ ಕೊಡ್ತಾರ್ರೀ?’ ಹಿಂದಿನ ದಿನದವರೆಗೂ ಅವರಿಗೆ ಒಂದು ಹೆಸರಿತ್ತು.

ಅರ್ಜಿಯ ಕನ್ನಡ ಕಾಲಮ್ಮಿನಲ್ಲಿ ನಾನು ಕೊನೆಗೆ ‘ಮೃತದೇಹ’ ಎಂದೇ ಬರೆದೆ. ವಿಷಯ ಇಷ್ಟು: ಬೇಸಿಗೆಯ ರಾಯಚೂರಿನ ಬಿಸಿಲಲ್ಲಿ ಮತ್ತು ಮಳೆಗಾಲದ ಧಾರವಾಡದ ತೇವದಲ್ಲಿ, ಪ್ರಾಣ ಹೋದ ಮೇಲೆ ದೇಹ ಹೇಗೆ ಬದಲಾಗುತ್ತದೆ, ಯಾವ ಕೀಟಗಳು ಯಾವ ಕ್ರಮದಲ್ಲಿ ಬರುತ್ತವೆ, ಇವನ್ನು ನೋಡಿ ಸತ್ತು ಎಷ್ಟು ಹೊತ್ತಾಯಿತು ಎಂದು ಎಷ್ಟರಮಟ್ಟಿಗೆ ನಂಬಿಕೆಯಿಂದ ಹೇಳಬಹುದು. ಪ್ರಾಣಿಶಾಸ್ತ್ರ ವಿಭಾಗದಲ್ಲಿ ಇದನ್ನು ಹೇಳಿದಾಗ ಯಾರೂ ಹುಬ್ಬೇರಿಸಲಿಲ್ಲ. ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಹೇಳಿದ ದಿನ ಎದುರಿಗೆ ಕೂತಿದ್ದವಳು ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದಳು. (ಅವತ್ತು ಶ್ಯಾವಿಗೆ ಪಾಯಸ ಮಾಡಿದ್ದರು, ಅದೂ ಒಂದು ಕಾರಣವಿರಬಹುದು.) ಮನೆಯಲ್ಲಿ ಅವ್ವ ಜಾಣತನದ ದಾರಿ ಹಿಡಿದಿದ್ದಾಳೆ. ಸಂಬಂಧ ಕೇಳಿಕೊಂಡು ಬಂದವರು ‘ಹುಡುಗಿ ಏನ್ ಓದಾಕತ್ಯಾಳ್ರೀ?’ ಎಂದರೆ ‘ಪಿಎಚ್‌ಡಿ, ಜುವಾಲಜಿ’ ಎಂದು ಹೇಳಿ ಚಹಾ ತರಲು ಒಳಗೆ ಹೋಗಿಬಿಡುತ್ತಾಳೆ.

ಮೊದಲು ನನ್ನ ಮುಂದಿದ್ದ ವಿಷಯ ಬೇರೆ. ಗೈಡ್ ಮೇಡಂ ತೊಗರಿಯ ಕಾಯಿಕೊರಕ ಹುಳದ ಮೇಲೆ ಕೆಲಸ ಮಾಡು ಎಂದಿದ್ದರು. ಕಲ್ಯಾಣ ಕರ್ನಾಟಕದ ಹುಡುಗಿ, ಅಪ್ಪನದು ತೊಗರಿ ಬೆಳೆಯುವ ಹೊಲ, ವಿಷಯ ಮನೆಬಾಗಿಲಲ್ಲೇ ಇದೆ ಎನ್ನುವುದು ಅವರ ಲೆಕ್ಕ. ತಪ್ಪೇನೂ ಇರಲಿಲ್ಲ. ಆ ಹುಳಕ್ಕೆ ಯೋಜನೆಗಳಿವೆ, ಅನುದಾನವಿದೆ, ಮುಗಿಸಿದ ಮೇಲೆ ಕೃಷಿ ಕಂಪನಿಗಳಲ್ಲಿ ಕೆಲಸವಿದೆ. ನಾನು ನನ್ನ ವಿಷಯ ಹೇಳಿದಾಗ ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟು, ‘ನೋಡವಾ, ತೊಗರಿ ಹುಳಕ್ಕ ರೊಕ್ಕ ಐತಿ. ಹೆಣದ ಹುಳಕ್ಕ ಇಲ್ಲ’ ಎಂದರು. ಆ ಮಾತು ಈಗಲೂ ನಿಜ. ಒಂದು ತಿಂಗಳು ಬಿಟ್ಟು ಮತ್ತೆ ಹೋದಾಗ, ‘ಇನ್ನೂ ಅದನ್ನ ಹಿಡ್ಕೊಂಡು ಕುಂತಿಯೇನು?’ ಎಂದು ಕೇಳಿ, ಒಂದು ಹಾಳೆ ಕೊಟ್ಟು, ಯಾಕೆ ಬೇಕು ಎಂದು ಅಲ್ಲೇ ಬರೆಯಲು ಹೇಳಿದರು. ನಾನು ಬರೆದದ್ದು ಒಂದು ಕೋಷ್ಟಕದ ಬಗ್ಗೆ.

ನಮ್ಮ ದೇಶದಲ್ಲಿ ನ್ಯಾಯವೈದ್ಯಶಾಸ್ತ್ರದ ಯಾವ ಪಠ್ಯಪುಸ್ತಕ ತೆಗೆದರೂ ಸಾವಿನ ನಂತರದ ಬದಲಾವಣೆಗಳದ್ದೊಂದು ಅಧ್ಯಾಯವಿರುತ್ತದೆ. ಜೈಸಿಂಗ್ ಮೋದಿಯವರ ಪುಸ್ತಕ ಮೊದಲು ಬಂದದ್ದು 1920ರಲ್ಲಿ. ಇವತ್ತಿಗೂ ಕೋರ್ಟುಗಳಲ್ಲಿ ವಕೀಲರು ಅದರ ಹೆಸರೆತ್ತುತ್ತಾರೆ. ಆ ಅಧ್ಯಾಯ ಹೇಳುವ ಕಥೆ ಸ್ಥೂಲವಾಗಿ ಹೀಗಿದೆ. ಹೃದಯ ನಿಂತ ಮೇಲೆ ರಕ್ತಕ್ಕೆ ಓಡಾಟವಿಲ್ಲ. ಅದು ಮಡಿಕೆಯ ನೀರಿನಂತೆ ತಳಕ್ಕಿಳಿಯುತ್ತದೆ. ಅಂಗಾತ ಮಲಗಿದ್ದರೆ ಬೆನ್ನು ನೇರಳೆಯಾಗುತ್ತದೆ, ನೆಲಕ್ಕೆ ಒತ್ತಿದ ಭುಜ ಮತ್ತು ಪೃಷ್ಠದ ಭಾಗ ಮಾತ್ರ ಬಿಳಿಚಿ ಉಳಿಯುತ್ತದೆ. ಬೆನ್ನ ಮೇಲೆ ಮಲಗಿ ಸಿಕ್ಕವನ ಎದೆ, ಹೊಟ್ಟೆಯ ಕಡೆ ನೇರಳೆಯಿದ್ದರೆ ಯಾರೋ ಅವನನ್ನು ಆಮೇಲೆ ಮಗುಚಿ ಹಾಕಿದ್ದಾರೆ ಎಂದು ಅರ್ಥ. ದೇಹ ಸುತ್ತಲಿನ ಗಾಳಿಯ ಉಷ್ಣತೆಗೆ ಇಳಿಯುತ್ತ ಹೋಗುತ್ತದೆ. ಸ್ನಾಯುಗಳು ಸೆಟೆಯುತ್ತವೆ. ಜೀವಂತ ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳು ಒಂದನ್ನೊಂದು ಹಿಡಿದು ಬಿಡುತ್ತಿರುತ್ತವೆ. ಬಿಡುವುದಕ್ಕೆ ಎಟಿಪಿ ಎಂಬ ಇಂಧನ ಬೇಕು. ಸತ್ತ ಮೇಲೆ ಇಂಧನ ಮುಗಿಯುತ್ತದೆ, ಹಿಡಿದದ್ದು ಹಿಡಿದಂತೆಯೇ ಉಳಿಯುತ್ತದೆ. ರೆಪ್ಪೆ, ದವಡೆ, ಕತ್ತಿನಂಥ ಚಿಕ್ಕ ಸ್ನಾಯುಗಳಲ್ಲಿ ಇದು ಮೊದಲು ಕಾಣುತ್ತದೆ, ಕಾಲಿಗೆ ಕೊನೆಗೆ. ನಮ್ಮಲ್ಲಿ ವಿದ್ಯಾರ್ಥಿಗಳು ಕಂಠಪಾಠ ಮಾಡುವ ಸೂತ್ರ ಹನ್ನೆರಡರದ್ದು: ಪೂರ್ತಿ ಸೆಟೆಯಲು 12 ತಾಸು, ಹಾಗೆಯೇ ಇರಲು 12 ತಾಸು, ಸಡಿಲಾಗಲು 12 ತಾಸು. ಆಮೇಲೆ ಹೊಟ್ಟೆಯ ಬಲಗಡೆ ಕೆಳಗೆ ಒಂದು ಹಸಿರು ಕಲೆ ಮೂಡುತ್ತದೆ. ದೊಡ್ಡ ಕರುಳು ಶುರುವಾಗುವ ಜಾಗ ಅದು, ಚರ್ಮಕ್ಕೆ ಹತ್ತಿರ. ಅಲ್ಲಿನ ಬ್ಯಾಕ್ಟೀರಿಯಾ ಹುಟ್ಟಿಸಿದ ಗಂಧಕದ ಅನಿಲ ರಕ್ತದ ಹಿಮೋಗ್ಲೋಬಿನ್ ಜೊತೆ ಸೇರಿ ಹಸಿರಾಗುತ್ತದೆ. ಅಲ್ಲಿಂದ ಮುಂದೆ ಉಬ್ಬುವುದು, ಸೋರುವುದು, ಒಣಗುವುದು, ಮೂಳೆ.

ಈ ಬದಲಾವಣೆಗಳ ಪಕ್ಕದಲ್ಲಿ ತಾಸುಗಳ ಅಂಕಿಗಳಿರುತ್ತವೆ. ನನಗೆ ಸಮಸ್ಯೆಯಾದದ್ದು ಆ ಅಂಕಿಗಳು.

ಹೆಪ್ಪು ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇ ತಿಂಗಳಲ್ಲಿ ರಾಯಚೂರಿನ ನಮ್ಮ ಮನೆಯಲ್ಲಿ ಮಧ್ಯಾಹ್ನ ಹೆಪ್ಪು ಹಾಕಿದರೆ ಸಂಜೆಗೆ ಮೊಸರು, ರಾತ್ರಿಗೆ ಹುಳಿ. ಜುಲೈನ ಧಾರವಾಡದಲ್ಲಿ ರಾತ್ರಿ ಹಾಕಿದ್ದು ಬೆಳಗ್ಗೆಗೂ ನೀರು ನೀರು. ಹಾಲು ಅದೇ, ಹೆಪ್ಪು ಅದೇ. ‘ಮೊಸರಾಗಲು ಎಷ್ಟು ತಾಸು ಬೇಕು’ ಎಂಬ ಪ್ರಶ್ನೆಗೆ ಊರು ಮತ್ತು ತಿಂಗಳು ಹೇಳದೆ ಉತ್ತರವಿಲ್ಲ. ದೇಹದ ವಿಷಯದಲ್ಲೂ ಹಾಗೆಯೇ, ಇನ್ನೂ ನಾಲ್ಕು ತೊಡಕುಗಳೊಂದಿಗೆ: ಮೈತೂಕ, ಬಟ್ಟೆ, ನೆರಳು, ಮಣ್ಣು.

ಬರ್ಲಿನ್ನಿನ ಕ್ಯಾಸ್ಪರ್ ಎಂಬ ವೈದ್ಯ ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ನಿಯಮ ಕೊಟ್ಟ. ಬಯಲಿನಲ್ಲಿ ಒಂದು ವಾರ ಬಿದ್ದಿದ್ದರೆ ಆಗುವಷ್ಟು ಕೊಳೆತ ನೀರಿನಲ್ಲಾದರೆ ಎರಡು ವಾರಕ್ಕೆ, ಮಣ್ಣಿನಲ್ಲಾದರೆ ಎಂಟು ವಾರಕ್ಕೆ. ಅದು ಯುರೋಪಿನ ನೀರು, ಯುರೋಪಿನ ಮಣ್ಣು. ದೇಹದ ಉಷ್ಣತೆಯಿಂದ ಸಮಯ ಅಳೆಯುವ ವಿಧಾನಗಳಲ್ಲಿ ಜಗತ್ತು ಹೆಚ್ಚು ನಂಬುವುದು ಜರ್ಮನಿಯ ಹೆನ್ಸ್‌ಗೆ ಎಂಬುವರು 1980ರ ದಶಕದಲ್ಲಿ ರೂಪಿಸಿದ ನಕ್ಷೆಯನ್ನು. ಗುದದ್ವಾರದಲ್ಲಿ ಅಳೆದ ಉಷ್ಣತೆ, ಗಾಳಿಯ ಉಷ್ಣತೆ, ದೇಹದ ತೂಕ ಈ ಮೂರನ್ನು ಗೆರೆ ಎಳೆದು ಕೂಡಿಸಿದರೆ ತಾಸು ಸಿಗುತ್ತದೆ. ಬಹಳ ಚೆಂದದ ಕೆಲಸ. ಆದರೆ ದೇಹ ತಣ್ಣಗಾಗುತ್ತದೆ ಎಂಬುದೇ ಅದರ ಬುನಾದಿ. ಮೇ ತಿಂಗಳ ಮಧ್ಯಾಹ್ನ ರಾಯಚೂರಿನಲ್ಲಿ 42 ಡಿಗ್ರಿ ಇರುವಾಗ 37 ಡಿಗ್ರಿಯ ದೇಹ ತಣ್ಣಗಾಗುವುದಾದರೂ ಎಲ್ಲಿಗೆ? ಅದು ಇನ್ನಷ್ಟು ಬಿಸಿಯಾಗುತ್ತದೆ. ಗಡಿಯಾರ ಹಿಂದಕ್ಕೆ ತಿರುಗುತ್ತದೆ.

ಅಲ್ಲಿನವರೂ ಇದರಲ್ಲಿ ಎಡವದೆ ಇರಲಿಲ್ಲ. 1977ರ ಡಿಸೆಂಬರಿನಲ್ಲಿ ಅಮೆರಿಕದ ಟೆನೆಸ್ಸಿಯಲ್ಲಿ ಒಂದು ಹಳೆಯ ಸಮಾಧಿಯನ್ನು ಯಾರೋ ಕೆದಕಿದ್ದರು. ಅಲ್ಲೊಂದು ತಲೆಯಿಲ್ಲದ ದೇಹ ಸಿಕ್ಕಿತು, ಮಾಂಸ ಇನ್ನೂ ನಸುಗೆಂಪಾಗಿತ್ತು. ವಿಲಿಯಂ ಬಾಸ್ ಎಂಬ ಹೆಸರಾಂತ ಮಾನವಶಾಸ್ತ್ರಜ್ಞ ನೋಡಿ, ಸತ್ತು ಒಂದು ವರ್ಷವೂ ಆಗಿರಲಿಕ್ಕಿಲ್ಲ ಎಂದರು. ಅದು 1864ರಲ್ಲಿ ಅಂತರ್ಯುದ್ಧದಲ್ಲಿ ಗುಂಡೇಟು ತಿಂದು ಸತ್ತ ಕರ್ನಲ್ ಶೈ ಎಂಬುವನ ದೇಹ. ಔಷಧಿ ತುಂಬಿ ಎರಕದ ಕಬ್ಬಿಣದ ಪೆಟ್ಟಿಗೆಯಲ್ಲಿ ಹೂತಿದ್ದರಿಂದ ಕೊಳೆತಿರಲಿಲ್ಲ. ಲೆಕ್ಕ ತಪ್ಪಿದ್ದು ಸುಮಾರು 113 ವರ್ಷ! ಬಾಸ್ ಅದನ್ನು ಮುಚ್ಚಿಡಲಿಲ್ಲ. ಕೊಳೆಯುವುದರ ಬಗ್ಗೆ ತಮಗೆ ಗೊತ್ತಿರುವುದು ಎಷ್ಟು ಕಡಿಮೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದರು. 1981ರಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯದ ಹಿಂಭಾಗದ ಒಂದು ತುಂಡು ಜಾಗದಲ್ಲಿ, ದಾನ ಬಂದ ದೇಹವನ್ನು ಬಯಲಿನಲ್ಲಿಟ್ಟು ದಿನವೂ ಟಿಪ್ಪಣಿ ಮಾಡಲು ಶುರುಮಾಡಿದರು. ಪತ್ತೇದಾರಿ ಕಾದಂಬರಿ ಓದುವವರಿಗೆ ಅದು ‘ಬಾಡಿ ಫಾರ್ಮ್’ ಎಂದು ಗೊತ್ತು. ಆಸ್ಟ್ರೇಲಿಯದ ಸಿಡ್ನಿ ಬಳಿ ಇಂಥದ್ದು 2016ರಲ್ಲಿ ಶುರುವಾಯಿತು. ನಮ್ಮಲ್ಲಿ ಈ ಕೆಲಸ ನಡೆಯುವುದು ಬಹುಮಟ್ಟಿಗೆ ಹಂದಿ, ಆಡು, ಮೊಲಗಳ ಮೇಲೆ.

ಕೋಷ್ಟಕದ ಅಂಕಿ ಯಾರಿಗೆ ಬೇಕು ಎಂದು ಮೇಡಂ ಕೇಳಿದ್ದರು. ಊರಿನಲ್ಲಿ ಯಾರಿಗೂ ಬೇಡ. ಊರಲ್ಲಿ ಸತ್ತವರು ಯಾವಾಗ ಸತ್ತರೆಂದು ಎಲ್ಲರಿಗೂ ಗೊತ್ತಿರುತ್ತದೆ. ಕೊನೆಯ ಗುಟುಕು ನೀರು ಬಿಟ್ಟವರು ಇರುತ್ತಾರೆ, ಆಗ ಹೊತ್ತು ಎಲ್ಲಿಗೆ ಬಂದಿತ್ತು ಎಂದು ಹೇಳುವವರು ಇರುತ್ತಾರೆ. ಈ ಶಾಸ್ತ್ರ ಬೇಕಾಗುವುದು ಪಕ್ಕದಲ್ಲಿ ಯಾರೂ ಇಲ್ಲದೆ ಸತ್ತವರಿಗೆ. ಕಾಲುವೆಯಲ್ಲಿ ತೇಲಿ ಬಂದವರು, ಕಬ್ಬಿನ ಗದ್ದೆಯಲ್ಲಿ ಸಿಕ್ಕವರು, ಲಾಡ್ಜಿನ ರೂಮು, ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಆರನೇ ಮಹಡಿ. ಜೊತೆಗೆ ಇನ್ನೊಬ್ಬರಿಗೂ ಬೇಕು: ‘ಆ ಹೊತ್ತಿನಲ್ಲಿ ನಾನು ಅಲ್ಲಿರಲಿಲ್ಲ’ ಎನ್ನುವ ಆರೋಪಿಗೆ. ಅವನ ಜೇಬಿನಲ್ಲಿ ಬಸ್ ಟಿಕೆಟ್ ಇರುತ್ತದೆ, ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಸಹಿ ಇರುತ್ತದೆ. ವರದಿಯಲ್ಲಿ ‘12ರಿಂದ 24 ತಾಸು’ ಎಂದಿದ್ದರೆ ಆ ಟಿಕೆಟ್ಟಿಗೆ ಬೆಲೆಯಿಲ್ಲ. ವೈದ್ಯರು ಹೇಳುವ ಸಾವಿನ ಹೊತ್ತು ಅಭಿಪ್ರಾಯ ಮಾತ್ರ, ಅದೊಂದನ್ನೇ ನಂಬಿ ಕೂರಬಾರದು ಎಂದು ಮೇಲಿನ ನ್ಯಾಯಾಲಯಗಳು ಹಲವು ಸಲ ಹೇಳಿವೆ. ಅವು ಹೇಳುವ ಹೊತ್ತಿಗೆ ಆರೋಪಿ ಎಷ್ಟು ವರ್ಷ ಒಳಗಿದ್ದನೋ.

ಇಲ್ಲಿ ನನ್ನ ಸೋದರಮಾವನ ವಿಷಯ ಬರಬೇಕು. ಬರೆಯಲೋ ಬೇಡವೋ ಎಂದು ಯೋಚಿಸಿದೆ, ಏಕೆಂದರೆ ಅದನ್ನು ಹೇಳಿದ ಕೂಡಲೇ ಕೇಳುವವರು ‘ಓ, ಅದಕ್ಕೇ’ ಎನ್ನುತ್ತಾರೆ. ಅದಕ್ಕೇ ಅಲ್ಲ. ಆದರೆ ಅದಿಲ್ಲದೆಯೂ ಅಲ್ಲ.

ಮಾವ ಅವ್ವನಿಗಿಂತ ನಾಲ್ಕು ವರ್ಷ ಚಿಕ್ಕವನು. ಮದುವೆಯಾಗಲಿಲ್ಲ. ಬೆಂಗಳೂರಿನಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದ, ಒಂದು ರೂಮು ಮಾಡಿಕೊಂಡಿದ್ದ. ನಾನು ಎಂಎಸ್ಸಿ ಮೊದಲ ವರ್ಷದಲ್ಲಿದ್ದಾಗ, ಜೂನ್ ತಿಂಗಳಲ್ಲಿ, ಓನರ್ ಬಾಗಿಲು ಒಡೆಸಿದರು. ಹೃದಯಾಘಾತ. ಒಳಗಿನಿಂದ ಚಿಲಕ ಹಾಕಿತ್ತು, ಫ್ಯಾನು ತಿರುಗುತ್ತಿತ್ತು. ಪೊಲೀಸರು ಯುಡಿಆರ್ ಬರೆದರು, ಪಂಚನಾಮೆ ಆಯಿತು, ಶವಾಗಾರದ ಕೋಲ್ಡ್ ಬಾಕ್ಸಿನಲ್ಲಿ ಒಂದು ರಾತ್ರಿ ಇಟ್ಟು ಮರುದಿನ ಪೋಸ್ಟ್‌ಮಾರ್ಟಂ ಮಾಡಿದರು. ಆಂಬುಲೆನ್ಸ್ ರಾತ್ರಿಯಿಡೀ ಓಡಿ ಬೆಳಗ್ಗೆ ಊರು ಮುಟ್ಟಿತು. ನಮ್ಮಲ್ಲಿ ಹೆಣವನ್ನು ಕೂಡಿಸುತ್ತಾರೆ. ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿ, ಭಜನೆ ಮಾಡಿ, ಕೂತ ಹಾಗೆಯೇ ಮಣ್ಣಿಗೆ ಇಡುತ್ತಾರೆ. ಮಾವನನ್ನು ಕೂಡಿಸಲು ಆಗಲಿಲ್ಲ. ಸುತ್ತಿದ ಬಟ್ಟೆ ಬಿಚ್ಚಬೇಡಿ ಎಂದು ಆಂಬುಲೆನ್ಸಿನವನು ಮೊದಲೇ ಹೇಳಿದ್ದ.

ವರದಿಯಲ್ಲಿ ಸಾವಿನ ಹೊತ್ತು ‘ಪರೀಕ್ಷೆಗೆ 3ರಿಂದ 5 ದಿನ ಮುಂಚೆ’ ಎಂದಿತ್ತು. ಅದನ್ನು ಓದಿ ಹೇಳಿದ್ದು ನಾನೇ. ಅವ್ವ ಸ್ವಲ್ಪ ಹೊತ್ತು ಬೆರಳು ಎಣಿಸಿದಳು. ಆ ಐದು ದಿನದೊಳಗೆ ಕಾರಹುಣ್ಣಿಮೆ ಬಂದು ಹೋಗಿತ್ತು. ಎತ್ತುಗಳಿಗೆ ಬಣ್ಣ ಹಚ್ಚಿ ಮೆರೆಸಿದ್ದರು, ಮನೆಯಲ್ಲಿ ಹೋಳಿಗೆ ಆಗಿತ್ತು.

‘ನಾವು ಹೋಳಿಗಿ ಉಣ್ಣಾಕ ಕುಂತಾಗ ಅಂವ ಇದ್ದನೋ, ಹೋಗಿದ್ದನೋ?’

ಯಾರ ಬಳಿಯೂ ಉತ್ತರವಿರಲಿಲ್ಲ. ಹಿರಿಯರೊಬ್ಬರು ಸಮಾಧಾನ ಹೇಳಿದರು: ತೀರಿದ ದಿನ ಗೊತ್ತಿಲ್ಲದವರಿಗೆಂದೇ ಮಹಾಲಯ ಅಮಾವಾಸ್ಯೆ ಇದೆ, ಹಿರಿಯರ ಜೊತೆ ಎಡೆ ಇಟ್ಟರೆ ಮುಗಿಯಿತು. ಅದೂ ಒಂದು ವ್ಯವಸ್ಥೆಯೇ. ಗೊತ್ತಿಲ್ಲದ ಸಾವುಗಳಿಗಾಗಿ ಪಂಚಾಂಗದಲ್ಲಿ ಒಂದು ದಿನ ಕಾದಿಟ್ಟವರು ಯಾರೋ, ಅವರಿಗೆ ನನ್ನ ಗೌರವವಿದೆ. ಅವ್ವ ಪ್ರತಿವರ್ಷ ಅವತ್ತು ಎಡೆ ಇಡುತ್ತಾಳೆ. ಕಾರಹುಣ್ಣಿಮೆಗೆ ಮನೆಯಲ್ಲಿ ಹೋಳಿಗೆ ಮಾಡುವುದನ್ನೂ ನಿಲ್ಲಿಸಿದ್ದಾಳೆ. ಎರಡೂ ದಿನ ಅವಳು ಮಾವನ ಹೆಸರು ಹೇಳುವುದಿಲ್ಲ.

ಮುಚ್ಚಿದ ಕೋಣೆ, ತಿರುಗುವ ಫ್ಯಾನು, ಜೂನಿನ ಬೆಂಗಳೂರು, ಮಧ್ಯೆ ಒಂದು ರಾತ್ರಿಯ ಕೋಲ್ಡ್ ಬಾಕ್ಸ್. ಈಗ ನಾನು ಕಲಿತಿರುವುದನ್ನೆಲ್ಲ ಹಾಕಿ ನೋಡಿದರೂ ಅದನ್ನು ಒಂದು ದಿನಕ್ಕೆ ತಂದು ನಿಲ್ಲಿಸಲಾರೆ. ಆ ವೈದ್ಯರು ಬರೆದದ್ದು ಸರಿಯಾಗಿಯೇ ಇತ್ತು. ಇದನ್ನು ನಾನು ಅವ್ವನಿಗೂ ಹೇಳಿದ್ದೇನೆ.

ನಮ್ಮ ಮನೆಯಲ್ಲಿ ಈ ವಿಷಯ ನನಗಿಂತ ಚೆನ್ನಾಗಿ ಗೊತ್ತಿರುವವಳು ದೊಡ್ಡವ್ವ. ಅಪ್ಪನ ಅಣ್ಣನ ಹೆಂಡತಿ, ಎಪ್ಪತ್ತು ದಾಟಿದೆ. ಓಣಿಯಲ್ಲಿ ಹೆಂಗಸರು ತೀರಿಕೊಂಡರೆ ಮೈತೊಳೆಯಲು ಕರೆಯುವುದು ಅವಳನ್ನೇ. ನನ್ನ ವಿಷಯ ಕೇಳಿ ಮೂಗು ಮುರಿಯದೇ ಇದ್ದವಳು ಅವಳೊಬ್ಬಳೇ. ‘ಅದರಾಗ ಓದೂದು ಏನೈತಿ?’ ಎಂದಳು, ಅಷ್ಟೆ. ಕೇಳುತ್ತ ಹೋದರೆ ಒಂದು ಅಧ್ಯಾಯವನ್ನೇ ಹೇಳಿದಳು. ಜೀವ ಹೋದ ತಾಸಿನೊಳಗೆ ಕಣ್ಣು ಮುಚ್ಚಬೇಕು, ಗದ್ದ ಕಟ್ಟಬೇಕು, ಕಾಲಿನ ಹೆಬ್ಬೆರಳು ಜೋಡಿಸಿ ಕಟ್ಟಬೇಕು. ಕೂಡಿಸುವುದಿದ್ದರೆ ಮೊಣಕಾಲು ಆಗಲೇ ಮಡಚಬೇಕು, ಆಮೇಲೆ ಮಡಚಲು ಹೋದರೆ ಕೇಳುವುದಿಲ್ಲ. ‘ಬ್ಯಾಸಗ್ಯಾಗ ದೌಡ ಮಾಡಬೇಕವಾ, ಥಂಡ್ಯಾಗ ಒಂಚೂರು ಹೊತ್ತು ಸಿಗತೈತಿ.’ ಹೊಲದಲ್ಲಿ ದುಡಿಯುತ್ತ ಬಿದ್ದು ಸತ್ತವರು ಬೇಗ ಸೆಟೆಯುತ್ತಾರೆ. ಹಾಸಿಗೆ ಹಿಡಿದು ಸೊರಗಿದ ಮುದುಕಿಯರಿಗೆ ‘ಲಗೂ ಬರತೈತಿ, ಲಗೂ ಬಿಡತೈತಿ, ಜೋರೂ ಇರಂಗಿಲ್ಲ.’

ಪಠ್ಯಪುಸ್ತಕದಲ್ಲಿ ಇದೇ ಇದೆ. ಬಿಸಿಲಲ್ಲಿ ಬೇಗ, ಚಳಿಯಲ್ಲಿ ತಡ. ಸಾಯುವ ಮುನ್ನ ದಣಿದಿದ್ದರೆ ಸ್ನಾಯುವಿನ ಇಂಧನ ಮೊದಲೇ ಕರಗಿರುವುದರಿಂದ ಬೇಗ. ಸೊರಗಿದ ಸ್ನಾಯುವಿನಲ್ಲಿ ಬೇಗ ಮತ್ತು ದುರ್ಬಲ. ದೊಡ್ಡವ್ವನಿಗೆ ಎಟಿಪಿ ಗೊತ್ತಿಲ್ಲ. ಆದರೆ ಅವಳ ಕೈಗೆ ಬಂದ ದೇಹಗಳ ಸಾವಿನ ಹೊತ್ತು ಅವಳಿಗೆ ಖಚಿತವಾಗಿ ಗೊತ್ತಿತ್ತು, ಅದೂ ನಮ್ಮ ಬಿಸಿಲಿನಲ್ಲಿ. ಜರ್ಮನಿಯ ಯಾವ ಪ್ರಯೋಗಾಲಯಕ್ಕೂ ಸಿಗದ ಮಾದರಿ ಅದು.

ಈ ತಿಳಿವಳಿಕೆ ಯಾರ ಕೈಯಲ್ಲಿದೆ ಎಂಬುದನ್ನು ನಾನು ಶವಾಗಾರದಲ್ಲಿ ಇನ್ನೂ ಸ್ಪಷ್ಟವಾಗಿ ಕಂಡೆ. ವಿಷಯ ಗಟ್ಟಿ ಮಾಡುವ ಮುನ್ನ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ವಾರ ನೋಡಲು ಅನುಮತಿ ಸಿಕ್ಕಿತ್ತು. ಅಲ್ಲಿನ ಅಟೆಂಡರ್ ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸದಲ್ಲಿದ್ದವರು. ಡಾಕ್ಟರ್ ಬರುವ ಮೊದಲೇ ದವಡೆ, ಮೊಣಕೈ ಮುಟ್ಟಿ ನೋಡಿ ‘ನಿನ್ನಿ ಮುಂಜಾನಿದು’ ಎನ್ನುತ್ತಿದ್ದರು. ಡಾಕ್ಟರರ ಅಂದಾಜು ಸಾಮಾನ್ಯವಾಗಿ ಅದರ ಸುತ್ತಲೇ ಬರುತ್ತಿತ್ತು. ಕಾಗದದಲ್ಲಿ ಅವರ ಹೆಸರು ಎಲ್ಲೂ ಇರುತ್ತಿರಲಿಲ್ಲ. ನಾನು ನೋಡಿದ ಶವಾಗಾರದ ಕೆಲಸಗಾರರಲ್ಲಿ, ನಮ್ಮೂರಿನಲ್ಲಿ ಕುಣಿ ತೋಡುವವರಲ್ಲಿ, ಹಲಗೆ ಬಾರಿಸುವವರಲ್ಲಿ ಹೆಚ್ಚಿನವರು ದಲಿತರು. ಮುಟ್ಟುವ ಕೆಲಸ ಅವರದು, ಬರೆಯುವ ಕೆಲಸ ಬೇರೆಯವರದು. ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಒಂದು ಸಾಲು ಹಾಕಿದರೆ ಇದು ಸರಿಹೋಗುತ್ತದೆ ಎಂದು ನಾನು ನಂಬುವುದಿಲ್ಲ. ಅವರ ಅಂದಾಜನ್ನೂ ಒಂದು ಕಾಲಮ್ಮಾಗಿ ದಾಖಲಿಸಿ, ವೈದ್ಯರ ಅಂದಾಜಿನ ಪಕ್ಕ ಇಟ್ಟು, ನಿಜವಾದ ಹೊತ್ತು ಗೊತ್ತಿರುವ ಪ್ರಕರಣಗಳಲ್ಲಿ ಯಾವುದು ಹತ್ತಿರ ಎಂದು ನೋಡಬೇಕು ಎಂದು ಮೇಡಂಗೆ ಹೇಳಿದ್ದೇನೆ. ಅದು ಮೂರನೇ ಅಧ್ಯಾಯವಾಗಬಹುದು ಎಂದಿದ್ದಾರೆ.

ಹಾಗೆಂದು ನಮ್ಮಲ್ಲಿ ಇದನ್ನು ಬರೆದವರೇ ಇರಲಿಲ್ಲ ಎಂದಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನ ಓದಿದಾಗ ನಾನು ಬೆರಗಾದೆ. ದೇಹದ ರಚನೆ ಕಲಿಯಬೇಕಾದವನು ಏನು ಮಾಡಬೇಕೆಂದು ಅಲ್ಲಿದೆ: ವಿಷದಿಂದ ಸಾಯದ, ದೀರ್ಘ ಕಾಯಿಲೆಯಿಲ್ಲದ ದೇಹವೊಂದನ್ನು ಆರಿಸಿ, ಕರುಳಿನ ಮಲ ತೆಗೆದು, ಮುಂಜ, ದರ್ಭೆಯಂಥ ಹುಲ್ಲು ಅಥವಾ ನಾರಿನಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನದಿಯಲ್ಲಿ ಮರೆಯಾದ ಜಾಗದಲ್ಲಿ ಕೊಳೆಯಲು ಬಿಡಬೇಕು. ಏಳು ರಾತ್ರಿ ಕಳೆದ ಮೇಲೆ ತೆಗೆದು, ಲಾಮಂಚ, ಬಿದಿರಿನಂಥವುಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತ, ಚರ್ಮದಿಂದ ಶುರುಮಾಡಿ ಪದರ ಪದರವಾಗಿ ಕಣ್ಣಾರೆ ನೋಡಬೇಕು. ಕತ್ತಿ ಬಳಸದೆ ಕೊಳೆಯುವಿಕೆಯಿಂದಲೇ ಕೊಯ್ಯಿಸಿದ ಆ ಯೋಚನೆಯೇ ಅದ್ಭುತ. ಮುಟ್ಟುವುದು ಮೈಲಿಗೆಯಾದ ಮೇಲೆ ಆ ನದಿ, ಆ ಪಂಜರ ಎಲ್ಲ ಹೋದವು. 1836ರಲ್ಲಿ ಕಲ್ಕತ್ತಾದ ಮೆಡಿಕಲ್ ಕಾಲೇಜಿನಲ್ಲಿ ಮಧುಸೂದನ ಗುಪ್ತ ಶವಚ್ಛೇದನ ಮಾಡಿದ್ದು ದೊಡ್ಡ ಸುದ್ದಿಯಾಯಿತೆಂದರೆ ನಡುವೆ ಎಷ್ಟು ಮರೆತಿದ್ದೆವು ನೋಡಿ. ಅವರೂ ಆಯುರ್ವೇದದ ಪಂಡಿತರೇ.

ಇನ್ನೊಂದು ಕಡೆ ಬೌದ್ಧರು. ಐದನೆಯ ಶತಮಾನದಲ್ಲಿ ಶ್ರೀಲಂಕಾದಲ್ಲಿ ಬುದ್ಧಘೋಷ ಬರೆದ ವಿಶುದ್ಧಿಮಗ್ಗದಲ್ಲಿ ಭಿಕ್ಷುಗಳು ಧ್ಯಾನಕ್ಕೆ ಬಳಸಬೇಕಾದ ಹೆಣದ ಹತ್ತು ರೂಪಗಳಿವೆ: ಉಬ್ಬಿದ್ದು, ಬಣ್ಣಗೆಟ್ಟದ್ದು, ಕೀವು ಸೋರುವುದು, ಹುಳ ತುಂಬಿದ್ದು, ಬರೀ ಎಲುಬು ಹೀಗೆ. ನನ್ನ ಶಾಸ್ತ್ರದವರು ಇವತ್ತು ಐದು ಹಂತ ಎನ್ನುತ್ತಾರೆ. ಹಳೆಯ ಪಟ್ಟಿಯೇ ಹೆಚ್ಚು ಸೂಕ್ಷ್ಮ ಎಂದು ನನಗೆ ಅನಿಸುತ್ತದೆ. ಅದಕ್ಕಿಂತ ಇಷ್ಟವಾದದ್ದು ಅವನು ಕೊಡುವ ಸೂಚನೆಗಳು. ಹೋಗುವ ಮೊದಲು ಹಿರಿಯರಿಗೆ ತಿಳಿಸಿ ಹೋಗು. ತೀರಾ ಹತ್ತಿರ ನಿಲ್ಲಬೇಡ, ತೀರಾ ದೂರವೂ ಬೇಡ. ವಾಸನೆ ಬೀಸಿ ಬರುವ ಕಡೆ ನಿಂತರೆ ಮನಸ್ಸು ಕದಡುತ್ತದೆ, ಸ್ವಲ್ಪ ಬದಿಗೆ ಸರಿ. ಸುತ್ತಲಿನ ಕಲ್ಲು, ಹುತ್ತ, ಮರ, ಪೊದೆ, ಬಳ್ಳಿ ಎಲ್ಲವನ್ನೂ ಗುರುತಿಟ್ಟುಕೋ. ನನ್ನ ಕ್ಷೇತ್ರಕಾರ್ಯದ ಮಾರ್ಗಸೂಚಿಯಲ್ಲೂ ಬೇರೆ ಭಾಷೆಯಲ್ಲಿ ಇದೇ ಇದೆ. ಅವನು ಬಿಡುಗಡೆಗಾಗಿ ನೋಡಿದ, ನಾನು ಅಂಕಿಗಾಗಿ ನೋಡುತ್ತೇನೆ. ನಿಲ್ಲುವ ಜಾಗ ಒಂದೇ.

ಹುಳದ ಬಗ್ಗೆ ಹೇಳದೆ ಮುಗಿಸಿದರೆ ಪ್ರಾಣಿಶಾಸ್ತ್ರಕ್ಕೆ ಅವಮಾನ. ಮೊದಲ ಮೂರು ದಿನಗಳಾಚೆ ಸೆಟೆತ, ತಂಪು ಯಾವುದೂ ಉಪಯೋಗಕ್ಕೆ ಬಾರದಾದಾಗ ಗಡಿಯಾರವಾಗುವುದು ನೊಣ. ಹಸಿರು-ನೀಲಿ ಮಿಂಚುವ ಕ್ರೈಸೋಮಿಯ ಜಾತಿಯ ನೊಣಗಳು ನಮ್ಮಲ್ಲಿ ಹಗಲಾದರೆ ನಿಮಿಷಗಳಲ್ಲಿ ಬರುತ್ತವೆ, ಕಣ್ಣು ಮೂಗು ಬಾಯಿ ಗಾಯ ಹುಡುಕಿ ಮೊಟ್ಟೆ ಇಡುತ್ತವೆ. ಬೇಸಿಗೆಯಲ್ಲಿ ಒಂದು ದಿನದೊಳಗೆ ಮೊಟ್ಟೆ ಒಡೆಯುತ್ತದೆ, ಹುಳ ಮೂರು ಸಲ ಬೆಳೆದು ಪೊರೆ ಬದಲಿಸಿ, ದೇಹ ಬಿಟ್ಟು ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಪ್ರತಿ ಹಂತಕ್ಕೂ ಇಂತಿಷ್ಟು ಶಾಖ ಬೇಕು. ಹಾಗಾಗಿ ಸಿಕ್ಕ ಅತಿ ಹಿರಿಯ ಹುಳದ ವಯಸ್ಸು ಮತ್ತು ಆ ದಿನಗಳ ಉಷ್ಣತೆ ಗೊತ್ತಿದ್ದರೆ ಹಿಂದಕ್ಕೆ ಎಣಿಸಬಹುದು. ಚೀನಾದ ಸೊಂಗ್ ಸಿ ಎಂಬ ನ್ಯಾಯಾಧಿಕಾರಿ 1247ರಲ್ಲೇ ಬರೆದ ಪುಸ್ತಕದಲ್ಲಿ ಒಂದು ಕಥೆಯಿದೆ: ಕೊಲೆಯಾದ ಊರಿನವರೆಲ್ಲ ತಮ್ಮ ಕುಡುಗೋಲು ತಂದು ನೆಲದ ಮೇಲಿಟ್ಟಾಗ ತೊಳೆದಿಟ್ಟ ಒಂದೇ ಕುಡುಗೋಲಿನ ಮೇಲೆ ನೊಣ ಕೂತವಂತೆ. ನೊಣಕ್ಕೆ ಬಡವ ಬಲ್ಲಿದ, ಬಾಡಿ ಪಾರ್ಥಿವ ಶರೀರ ಎಂಬ ಭೇದವಿಲ್ಲ. ಅದಕ್ಕೆ ಗೊತ್ತಿರುವುದು ಶಾಖ ಮಾತ್ರ. ಆದರೆ ಮುಚ್ಚಿದ ಬಾಗಿಲ ಹೊರಗೆ ಅದೂ ಕಾಯಬೇಕಾಗುತ್ತದೆ.

ಸಮಿತಿ ಒಪ್ಪಿದ ಮೇಲೆ ಉಳಿದದ್ದು ಜಾಗದ ಪ್ರಶ್ನೆ. ಮನುಷ್ಯನ ದೇಹದ ಬದಲಿಗೆ ಜಗತ್ತಿನಾದ್ಯಂತ ಬಳಸುವುದು ಸುಮಾರು 23 ಕಿಲೋದ ಹಂದಿ. ಕೂದಲು ಕಡಿಮೆ, ಎದೆಯ ಗಾತ್ರ ಹತ್ತಿರ, ಕರುಳೂ ನಮ್ಮಂತೆ ಎಲ್ಲವನ್ನೂ ತಿನ್ನುವ ಪ್ರಾಣಿಯದು. ಧಾರವಾಡದ ಕಡೆ ಕ್ಯಾಂಪಸ್ಸಿನ ಮೂಲೆಯಲ್ಲಿ ಜಾಗ ಸಿಕ್ಕಿತು. ರಾಯಚೂರಿನ ಕಡೆ ಸಿಗಲಿಲ್ಲ. ನಮ್ಮ ಹೊಲದಲ್ಲಿ ಊರಿಂದ ಎರಡು ಕಿಲೋಮೀಟರ್ ದೂರ ಕಲ್ಲು ಹೆಚ್ಚಿರುವ ಒಂದೂವರೆ ಎಕರೆ ತುಂಡೊಂದಿದೆ. ಅಪ್ಪನನ್ನು ಕೇಳಲು ಎರಡು ವಾರ ತಡೆದೆ. ಕೊರಳಲ್ಲಿ ಲಿಂಗವಿರುವ ಮನುಷ್ಯ, ಮನೆಯೊಳಗೆ ಮೊಟ್ಟೆ ಬಿಟ್ಟುಕೊಂಡವರಲ್ಲ. ಅವರ ಹೊಲದಲ್ಲಿ ಆರು ಹಂದಿಯ ಹೆಣಗಳನ್ನು ಪಂಜರದಲ್ಲಿಟ್ಟು ಒಂದು ತಿಂಗಳು ಕೊಳೆಯಲು ಬಿಡುತ್ತೇನೆ ಎಂದು ಹೇಗೆ ಹೇಳುವುದು?

ಕೇಳಿದಾಗ ಅಪ್ಪ ಏನೂ ಅನ್ನಲಿಲ್ಲ, ಎದ್ದು ಎತ್ತಿಗೆ ನೀರು ಕುಡಿಸಲು ಹೋದರು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತಲೇ ಕೇಳಿದಳು:

‘ಇದನ್ನ ಕಲ್ತ್ರ ದಿನ ಹೇಳಾಕ ಬರತೈತೇನು?’

‘ಬಯಲಾಗ ಇದ್ದದ್ದು ಆದ್ರ ದಿನ ಹೇಳಬಹುದವ್ವ. ತಾಸು ಹೇಳಾಕ ಬರಂಗಿಲ್ಲ. ಖೋಲಿ ಒಳಗಿಂದು ಬ್ಯಾರೆ, ಅದು ಕಷ್ಟ.’

ಅವಳು ರೊಟ್ಟಿ ತಿರುವಿ ಹಾಕಿದಳು. ‘ತಾಸು ಯಾರಿಗೆ ಬೇಕು. ದಿನ ಆದ್ರ ಸಾಕು’ ಎಂದಳು.

ರಾತ್ರಿ ಅವರಿಬ್ಬರ ನಡುವೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಬೆಳಗ್ಗೆ ಅಪ್ಪ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಜಾಗ ತೋರಿಸಿದರು. ಗಾಳಿ ಊರಿನ ಕಡೆ ಬೀಸದ ಮೂಲೆ ಯಾವುದು, ನಾಯಿಗಳು ಬರುವ ದಾರಿ ಯಾವುದು ಎಂದೂ ಹೇಳಿದರು. ಉಷ್ಣತೆ ದಾಖಲಿಸುವ ಯಂತ್ರ ಕಟ್ಟಲು ಬದುವಿನ ಬೇವಿನ ಮರ ಸಾಕೇ ಎಂದು ಕೇಳಿದರು. ಒಂದೇ ಒಂದು ಕರಾರು ಹಾಕಿದ್ದಾರೆ: ಮೃಗಶಿರ ಮಳೆ ಬರುವುದರೊಳಗೆ ಎಲುಬು ಒಂದೂ ಉಳಿಯದಂತೆ ಹೊಲ ಖಾಲಿ ಮಾಡಿಕೊಡಬೇಕು. ತೊಗರಿ ಬಿತ್ತುವುದಿದೆ.